ಎರಡು ಓಎಸ್, ಒಂದೇ ಗಡಿಯಾರ: ಟೈಮ್ ತಪ್ಪಿದರೆ ಮೊದಲು ವ್ಯತ್ಯಾಸ ಅಳೆಯಿರಿ

ಒಂದೇ ಕಂಪ್ಯೂಟರ್‌ನಲ್ಲಿ ಎರಡು ಓಎಸ್, ಅಂದರೆ ಆಪರೇಟಿಂಗ್ ಸಿಸ್ಟಮ್, ಹಾಕಿಕೊಂಡಿದ್ದೀರಿ. ಲಿನಕ್ಸ್‌ನಲ್ಲಿ ಕೆಲಸ ಮುಗಿಸಿ ವಿಂಡೋಸ್‌ಗೆ ಬೂಟ್ ಮಾಡುತ್ತೀರಿ. ಮೂಲೆಯ ಗಡಿಯಾರ ಐದೂವರೆ ಗಂಟೆ ಹಿಂದಿದೆ. ಸರಿ ಮಾಡುತ್ತೀರಿ. ಮಾರನೇ ದಿನ ಲಿನಕ್ಸ್‌ಗೆ ಬಂದರೆ ಅಲ್ಲಿ ಐದೂವರೆ ಗಂಟೆ ಮುಂದಿದೆ. ಅದನ್ನೂ ಸರಿ ಮಾಡುತ್ತೀರಿ. ಮತ್ತೆ ವಿಂಡೋಸ್‌ನಲ್ಲಿ ತಪ್ಪು. ಹೀಗೆ ವಾರಗಟ್ಟಲೆ ಗಡಿಯಾರ ತಿದ್ದುತ್ತಾ ಕೂತವರನ್ನು ನೋಡಿದ್ದೇನೆ. ಒಂದು ಕಾಲಕ್ಕೆ ನಾನೂ ಅದನ್ನೇ ಮಾಡಿದ್ದೇನೆ.

ಇದರಲ್ಲಿ ಹೆಚ್ಚಿನ ಸಲ ಯಾವ ಭಾಗವೂ ಕೆಟ್ಟಿರುವುದಿಲ್ಲ. ಆದರೂ ಜನ ಮೊದಲು ಬ್ಯಾಟರಿ ಬದಲಿಸುತ್ತಾರೆ. ಆಮೇಲೆ ಬಯೋಸ್ (ಓಎಸ್‌ಗಿಂತ ಮೊದಲು ಓಡುವ, ಮದರ್‌ಬೋರ್ಡ್‌ನ ಪ್ರೋಗ್ರಾಮ್) ಅಪ್‌ಡೇಟ್ ಮಾಡುತ್ತಾರೆ. ಕೊನೆಗೆ ಓಎಸ್ ಅನ್ನೇ ಅಳಿಸಿ ಮತ್ತೆ ಹಾಕುತ್ತಾರೆ. ಇಷ್ಟೆಲ್ಲ ಮಾಡುವ ಮೊದಲು ಒಂದು ಸಣ್ಣ ಕೆಲಸ ಮಾಡಿ: ಟೈಮ್ ಎಷ್ಟು ತಪ್ಪಿದೆ, ಯಾವ ಕಡೆಗೆ ತಪ್ಪಿದೆ ಅಂತ ಬರೆದುಕೊಳ್ಳಿ. ಕಾರಣದ ಜಾಡು ಆ ಅಂಕಿಯಲ್ಲೇ ಸಿಗುತ್ತದೆ. ಗಡಿಯಾರ ತಿದ್ದಿದ ಕ್ಷಣಕ್ಕೆ ಆ ಜಾಡು ಅಳಿಸಿ ಹೋಗುತ್ತದೆ.

ಮುಂದೆ ಬರುವ ಕಮಾಂಡ್‌ಗಳನ್ನು ಓದಲು ಸುಲಭವಾಗಲಿ ಅಂತ ಕನ್ನಡದಲ್ಲೇ ಬರೆದಿದ್ದೇನೆ. ಟರ್ಮಿನಲ್‌ನಲ್ಲಿ ಅವನ್ನು ಇಂಗ್ಲಿಷ್ ಸಣ್ಣ ಅಕ್ಷರಗಳಲ್ಲಿ ಟೈಪ್ ಮಾಡಬೇಕು.

ಒಳಗಿರುವುದು ಎರಡು ಗಡಿಯಾರ

ಮದರ್‌ಬೋರ್ಡ್ ಮೇಲೆ ಆರ್‌ಟಿಸಿ ಅನ್ನುವ ಸಣ್ಣ ಗಡಿಯಾರ ಇದೆ. ಇದನ್ನೇ ಹಾರ್ಡ್‌ವೇರ್ ಕ್ಲಾಕ್ ಅನ್ನುತ್ತೇವೆ. ಕಂಪ್ಯೂಟರ್ ಆಫ್ ಆಗಿದ್ದಾಗಲೂ ಅದು ಓಡುತ್ತಿರುತ್ತದೆ. ಸಾಮಾನ್ಯವಾಗಿ ಸಿಆರ್2032 ಅನ್ನುವ 3 ವೋಲ್ಟ್‌ನ ನಾಣ್ಯದಂಥ ಬ್ಯಾಟರಿ ಅದನ್ನು ಜೀವಂತ ಇಟ್ಟಿರುತ್ತದೆ. ಒಳಗಿನ ಹರಳು ಸೆಕೆಂಡಿಗೆ 32,768 ಸಲ ಮಿಡಿಯುತ್ತದೆ. ಆ ಸಂಖ್ಯೆಯನ್ನು 15 ಸಲ ಅರ್ಧ ಮಾಡುತ್ತಾ ಹೋದರೆ ಸರಿಯಾಗಿ 1 ಉಳಿಯುತ್ತದೆ. ಅದೇ ಸೆಕೆಂಡಿನ ಲೆಕ್ಕ.

ಎರಡನೆಯದು ಓಎಸ್‌ನ ಸ್ವಂತ ಗಡಿಯಾರ, ಅಂದರೆ ಸಿಸ್ಟಮ್ ಕ್ಲಾಕ್. ಬೂಟ್ ಆಗುವಾಗ ಓಎಸ್ ಒಂದು ಸಲ ಆರ್‌ಟಿಸಿ ನೋಡಿಕೊಳ್ಳುತ್ತದೆ. ಆಮೇಲೆ ತನ್ನದೇ ಎಣಿಕೆ ಮೇಲೆ ನಡೆಯುತ್ತದೆ. ಇಂಟರ್ನೆಟ್ ಸಿಕ್ಕರೆ ಎನ್‌ಟಿಪಿ (ಸರ್ವರ್‌ನಿಂದ ಸರಿಯಾದ ಟೈಮ್ ತರುವ ವ್ಯವಸ್ಥೆ) ಮೂಲಕ ಆ ಎಣಿಕೆಯನ್ನು ತಿದ್ದಿಕೊಳ್ಳುತ್ತದೆ. ತಿದ್ದಿದ ಟೈಮನ್ನು ವಾಪಸ್ ಆರ್‌ಟಿಸಿಗೂ ಬರೆಯುತ್ತದೆ. ಲಿನಕ್ಸ್ ಕರ್ನಲ್, ಅಂದರೆ ಓಎಸ್‌ನ ತಿರುಳು, ಅಂತೂ ಎನ್‌ಟಿಪಿ ಜೊತೆ ಸಿಂಕ್ ಆಗಿರುವಷ್ಟು ಹೊತ್ತೂ 11 ನಿಮಿಷಕ್ಕೊಮ್ಮೆ ಹೀಗೆ ಬರೆಯುತ್ತದೆ. ಈ 11 ನಿಮಿಷದ ವಿಷಯ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ತೊಂದರೆ ಇರುವುದು ಆರ್‌ಟಿಸಿಯೊಳಗೆ ಏನು ಬರೆದಿದೆ ಅನ್ನುವುದರಲ್ಲಿ. ಅಲ್ಲಿರುವುದು ಬರೀ ವರ್ಷ, ತಿಂಗಳು, ದಿನ, ಗಂಟೆ, ನಿಮಿಷ, ಸೆಕೆಂಡು. ಅದು ಯಾವ ಕಾಲವಲಯದ ಟೈಮ್ ಅನ್ನುವ ಗುರುತು ಇಲ್ಲ. ಹಳೆಯ ಬಯೋಸ್ ಜಾಗಕ್ಕೆ ಬಂದ ಹೊಸ ಯುಇಎಫ್‌ಐ ವ್ಯವಸ್ಥೆಯಲ್ಲಿ ಕಾಲವಲಯಕ್ಕೆ ಅಂತಲೇ ಒಂದು ಜಾಗ ಇಟ್ಟಿದ್ದಾರೆ. ಆದರೆ ಸಾಮಾನ್ಯವಾಗಿ ಅಲ್ಲಿ 2047 ಅನ್ನುವ ಅಂಕಿ ಕೂತಿರುತ್ತದೆ. ಅದರ ಅರ್ಥ ‘ವಲಯ ಹೇಳಿಲ್ಲ’ ಅಂತ.

ಗುರುತು ಇಲ್ಲದ್ದರಿಂದ ಓಎಸ್‌ಗಳು ತಮಗೆ ತೋಚಿದ ಹಾಗೆ ಓದುತ್ತವೆ. 1981ರ ಐಬಿಎಂ ಪಿಸಿಯಲ್ಲಿ ಇಂಥ ಗಡಿಯಾರವೇ ಇರಲಿಲ್ಲ. ಪ್ರತಿ ಸಲ ಆನ್ ಮಾಡಿದಾಗ ದಿನಾಂಕ, ಟೈಮ್ ಎರಡನ್ನೂ ಕೈಯಿಂದಲೇ ಟೈಪ್ ಮಾಡಬೇಕಿತ್ತು. 1984ರ ಪಿಸಿ ಎಟಿಯಲ್ಲಿ ಬ್ಯಾಟರಿಯಿಂದ ಓಡುವ ಚಿಪ್ ಬಂತು. ವಿಂಡೋಸ್‌ಗೂ ಹಿಂದಿನ ಓಎಸ್ ಆದ ಡಾಸ್ ಅದನ್ನು ಸ್ಥಳೀಯ ಸಮಯ ಅಂತಲೇ ಓದಿತು, ವಿಂಡೋಸ್ ಅದೇ ರೂಢಿ ಉಳಿಸಿಕೊಂಡಿತು. ಯುನಿಕ್ಸ್ ಕಡೆಯವರು ಮೊದಲಿಂದಲೂ ಒಳಗೆ ಯುಟಿಸಿ (ಇಡೀ ಜಗತ್ತಿಗೆ ಒಂದೇ ಆದ ಪ್ರಮಾಣ ಸಮಯ) ಲೆಕ್ಕ ಇಟ್ಟುಕೊಂಡು, ತೋರಿಸುವಾಗ ಮಾತ್ರ ಸ್ಥಳೀಯ ಸಮಯಕ್ಕೆ ಬದಲಿಸುತ್ತಾರೆ. ಹಾಗಾಗಿ ಲಿನಕ್ಸ್, ಮ್ಯಾಕ್‌ಓಎಸ್ ಎರಡೂ ಆರ್‌ಟಿಸಿಯಲ್ಲಿ ಯುಟಿಸಿ ಇದೆ ಅಂತ ನಂಬುತ್ತವೆ.

ವಿಂಡೋಸ್, ಲಿನಕ್ಸ್ ಎರಡೂ ಒಂದೇ ಮೆಷೀನಿಗೆ ಬಂದರೆ ಎತ್ತು ಏರಿಗೆ ಎಳೆಯಿತು, ಕೋಣ ನೀರಿಗೆ ಎಳೆಯಿತು ಅನ್ನುವ ಹಾಗೆ ಆಗುತ್ತದೆ. ಒಂದು ಉದಾಹರಣೆ ನೋಡೋಣ. ನಿಮ್ಮ ವಲಯ ಯುಟಿಸಿಗಿಂತ 5:30 ಮುಂದೆ ಅಂದುಕೊಳ್ಳಿ. ಬೆಳಗ್ಗೆ 10:00ಕ್ಕೆ ವಿಂಡೋಸ್ ಆರ್‌ಟಿಸಿಗೆ 10:00 ಅಂತ ಬರೆಯುತ್ತದೆ. ಲಿನಕ್ಸ್ ಬಂದು ಅದನ್ನು ಯುಟಿಸಿ ಅಂತ ಓದಿ, 5:30 ಕೂಡಿಸಿ, 15:30 ತೋರಿಸುತ್ತದೆ. ಇಂಟರ್ನೆಟ್ ಬಂದ ಕೂಡಲೇ ಲಿನಕ್ಸ್ ತನ್ನ ತಪ್ಪು ತಿದ್ದಿಕೊಂಡು ಆರ್‌ಟಿಸಿಗೆ 4:30 ಬರೆಯುತ್ತದೆ. ವಿಂಡೋಸ್ ವಾಪಸ್ ಬಂದಾಗ ಆ 4:30 ಅನ್ನೇ ಸ್ಥಳೀಯ ಸಮಯ ಅಂತ ತೋರಿಸುತ್ತದೆ. ಲಿನಕ್ಸ್ ಬೇಗ ತಿದ್ದಿಕೊಳ್ಳುವುದರಿಂದ ಹೆಚ್ಚಿನವರ ಕಣ್ಣಿಗೆ ಬೀಳುವುದು ವಿಂಡೋಸ್‌ನ ತಪ್ಪು ಮಾತ್ರ. ಬೈಗುಳವೂ ಅದಕ್ಕೇ ಬೀಳುತ್ತದೆ.

ನಾಲ್ಕು ಟೈಮ್ ಬರೆದುಕೊಳ್ಳಿ

ಒಂದು ಕಾಗದ ತಗೊಳ್ಳಿ. ಫೋನ್ ಪಕ್ಕದಲ್ಲಿರಲಿ. ಕಂಪ್ಯೂಟರ್‌ನ ಇಂಟರ್ನೆಟ್ ಮೊದಲೇ ತೆಗೆದುಬಿಡಿ: ಕೇಬಲ್ ಎಳೆಯಿರಿ, ಇಲ್ಲವೇ ರೂಟರ್ ಆಫ್ ಮಾಡಿ. ಇದು ತುಂಬಾ ಮುಖ್ಯ. ಇಂಟರ್ನೆಟ್ ಇದ್ದರೆ ನೀವು ನೋಡುವಷ್ಟರಲ್ಲಿ ಓಎಸ್ ತನ್ನ ತಪ್ಪನ್ನು ಮುಚ್ಚಿಬಿಟ್ಟಿರುತ್ತದೆ.

ಈಗ ಕಂಪ್ಯೂಟರ್ ಆನ್ ಮಾಡಿ ನೇರ ಬಯೋಸ್ ಸೆಟಪ್‌ಗೆ ಹೋಗಿ. ಅಲ್ಲಿ ಕಾಣುವುದು ಆರ್‌ಟಿಸಿಯ ನಿಜವಾದ ಅಂಕಿ, ಯಾರೂ ಕೂಡಿಸಿ ಕಳೆದಿಲ್ಲದ್ದು. ಅದನ್ನೂ, ಅದೇ ಕ್ಷಣಕ್ಕೆ ಫೋನ್‌ನಲ್ಲಿರುವ ಟೈಮನ್ನೂ ಬರೆಯಿರಿ. ಆಮೇಲೆ ಲಿನಕ್ಸ್‌ಗೆ ಬೂಟ್ ಮಾಡಿ ಅಲ್ಲಿನ ಟೈಮ್ ಬರೆಯಿರಿ. ಕೊನೆಗೆ ವಿಂಡೋಸ್. ಪ್ರತಿ ಸಲವೂ ಪಕ್ಕದಲ್ಲಿ ಫೋನ್‌ನ ಟೈಮ್ ಇರಲಿ. ಬೂಟ್ ಆಗಲು ಹಿಡಿದ ನಿಮಿಷಗಳು ಇಲ್ಲದಿದ್ದರೆ ಲೆಕ್ಕ ಕೆಡಿಸುತ್ತವೆ.

ಲಿನಕ್ಸ್‌ನಲ್ಲಿದ್ದಾಗ ‘ಟೈಮ್‌ಡೇಟ್‌ಸಿಟಿಎಲ್’ ಅಂತ ಒಂದೇ ಪದ ಟೈಪ್ ಮಾಡಿ ಎಂಟರ್ ಒತ್ತಿ. ಬರುವ ಸಾಲುಗಳಲ್ಲಿ ನಮಗೆ ಬೇಕಾದ್ದು ಇಷ್ಟು:

ಲೋಕಲ್ ಟೈಮ್: 15:42
ಯೂನಿವರ್ಸಲ್ ಟೈಮ್: 10:12
ಆರ್‌ಟಿಸಿ ಟೈಮ್: 10:12
ಆರ್‌ಟಿಸಿ ಇನ್ ಲೋಕಲ್ ಟಿಝಡ್: ನೋ

ಈ ಹೊತ್ತಿಗೆ ಫೋನ್ 10:12 ತೋರಿಸುತ್ತಿದೆ ಅಂದುಕೊಳ್ಳಿ. ಆರ್‌ಟಿಸಿಯಲ್ಲಿ ಇರುವುದೂ 10:12, ಅಂದರೆ ಅದರೊಳಗೆ ಸ್ಥಳೀಯ ಸಮಯ ಇದೆ. ಕೊನೆಯ ಸಾಲಿನ ‘ನೋ’ ಏನು ಹೇಳುತ್ತದೆ? ಲಿನಕ್ಸ್ ಅದನ್ನು ಯುಟಿಸಿ ಅಂತ ಓದುತ್ತಿದೆ ಅಂತ. ವಿಂಡೋಸ್ ಬರೆದದ್ದನ್ನು ಲಿನಕ್ಸ್ ತಪ್ಪಾಗಿ ಓದಿದೆ. ನಾಲ್ಕು ಸಾಲಿನಲ್ಲಿ ಇಡೀ ಕಥೆ ಮುಗಿಯಿತು, ಅಲ್ವಾ?

ಆರ್‌ಟಿಸಿ ನೋಡಲು ‘ಎಚ್‌ಡಬ್ಲ್ಯೂಕ್ಲಾಕ್’ ಅನ್ನುವ ಹಳೆಯ ಕಮಾಂಡ್ ಕೂಡ ಇದೆ. ಅದರಲ್ಲಿ ಒಂದು ತೊಡಕಿದೆ. ಆರ್‌ಟಿಸಿಯಲ್ಲಿ ಯುಟಿಸಿ ಇದ್ದರೂ ಅದು ಸ್ಥಳೀಯ ಸಮಯಕ್ಕೆ ಬದಲಿಸಿಯೇ ತೋರಿಸುತ್ತದೆ. ಅದನ್ನು ಹಸಿ ಅಂಕಿ ಅಂದುಕೊಂಡರೆ ಲೆಕ್ಕ ಪೂರ್ತಿ ತಲೆಕೆಳಗಾಗುತ್ತದೆ. ಪರೀಕ್ಷೆಗೆ ನಾನು ಟೈಮ್‌ಡೇಟ್‌ಸಿಟಿಎಲ್ ಅನ್ನೇ ನಂಬುತ್ತೇನೆ.

ವ್ಯತ್ಯಾಸ ಏನು ಹೇಳುತ್ತದೆ

ಕಾಗದದಲ್ಲಿರುವ ವ್ಯತ್ಯಾಸ ನಿಮ್ಮ ವಲಯಕ್ಕೂ ಯುಟಿಸಿಗೂ ಇರುವ ಅಂತರಕ್ಕೆ ಸರಿಯಾಗಿ ಕೂತರೆ, ಅದು ಮೇಲೆ ಹೇಳಿದ ಹಗ್ಗಜಗ್ಗಾಟವೇ. 5:30 ಮುಂದಿರುವ ವಲಯದಲ್ಲಿ 5:30, ನೇಪಾಳದಲ್ಲಿ 5:45, ಚಳಿಗಾಲದ ನ್ಯೂಯಾರ್ಕ್‌ನಲ್ಲಿ 5:00. ಈಗ ಬಳಕೆಯಲ್ಲಿರುವ ವಲಯಗಳ ಅಂತರವೆಲ್ಲ ಹದಿನೈದು ನಿಮಿಷದ ಲೆಕ್ಕದಲ್ಲೇ ಇವೆ. ಹಾಗಾಗಿ ವ್ಯತ್ಯಾಸ ಹದಿನೈದರ ಮಗ್ಗಿಗೆ ಸಿಗದೆ 3 ಗಂಟೆ 22 ನಿಮಿಷ ಅಂತ ಬಂದರೆ ವಲಯವನ್ನು ಬಿಟ್ಟು ಬ್ಯಾಟರಿ ಕಡೆ ನೋಡಿ.

ಲಂಡನ್‌ನಂಥ ಕಡೆ ಇದು ಇನ್ನೂ ಸೂಕ್ಷ್ಮ. ಚಳಿಗಾಲದಲ್ಲಿ ಅಲ್ಲಿನ ಸಮಯವೂ ಯುಟಿಸಿಯೂ ಒಂದೇ. ಎರಡು ಓಎಸ್ ಬೇರೆ ಬೇರೆ ರೀತಿ ಓದುತ್ತಿದ್ದರೂ ಉತ್ತರ ಒಂದೇ ಬರುತ್ತದೆ. ಗಡಿಯಾರವನ್ನು ಒಂದು ಗಂಟೆ ಮುಂದಿಡುವ ಬೇಸಿಗೆ ಸಮಯ ಶುರುವಾದ ದಿನ ಇದ್ದಕ್ಕಿದ್ದಂತೆ ಒಂದು ಗಂಟೆ ವ್ಯತ್ಯಾಸ ಕಾಣಿಸುತ್ತದೆ. ‘ನಿನ್ನೆವರೆಗೂ ಚೆನ್ನಾಗಿತ್ತು’ ಅಂತ ಹೊಸ ಅಪ್‌ಡೇಟ್ ಮೇಲೆ ಅನುಮಾನ ಬರುವುದು ಸಹಜ. ಆದರೆ ದೋಷ ಮೊದಲ ದಿನದಿಂದಲೂ ಅಲ್ಲೇ ಇತ್ತು.

ಲಿನಕ್ಸ್‌ನಲ್ಲಿ ಯೂನಿವರ್ಸಲ್ ಟೈಮ್ ಸರಿಯಾಗಿದ್ದು, ಲೋಕಲ್ ಟೈಮ್ ಮಾತ್ರ ತಪ್ಪಿದ್ದರೆ ಆರ್‌ಟಿಸಿಗೂ ಇದಕ್ಕೂ ಸಂಬಂಧವೇ ಇಲ್ಲ. ಇನ್‌ಸ್ಟಾಲ್ ಮಾಡುವಾಗ ವಲಯ ತಪ್ಪಾಗಿ ಆರಿಸಿದ್ದೀರಿ ಅಷ್ಟೇ. ‘ಟೈಮ್‌ಡೇಟ್‌ಸಿಟಿಎಲ್ ಸೆಟ್-ಟೈಮ್‌ಝೋನ್’ ಅಂತ ಬರೆದು ಮುಂದೆ ನಿಮ್ಮ ವಲಯದ ಹೆಸರು ಕೊಟ್ಟರೆ ಮುಗಿಯಿತು.

ಎರಡೂ ಓಎಸ್ ಒಂದೇ ರೀತಿ ತಪ್ಪಿದ್ದರೆ, ಜೊತೆಗೆ ದಿನಾಂಕ ವರ್ಷಗಟ್ಟಲೆ ಹಿಂದೆ ಹೋಗಿದ್ದರೆ, ಅದು ಬ್ಯಾಟರಿ. ಅದರ ವಿಷಯ ಮುಂದೆ ಬರುತ್ತದೆ.

ಬ್ರೌಸರ್‌ನಿಂದಲೂ ಒಂದು ಸುಳಿವು ಸಿಗುತ್ತದೆ. ಗಡಿಯಾರ ಕೆಲವು ಗಂಟೆ ತಪ್ಪಿದ್ದರೆ ಹೆಚ್ಚಿನ ವೆಬ್‌ಸೈಟ್‌ಗಳು ಮಾಮೂಲಿನಂತೆ ತೆರೆಯುತ್ತವೆ, ಯಾಕಂದರೆ ಅವುಗಳ ಗುರುತು ಖಾತ್ರಿ ಮಾಡುವ ಸರ್ಟಿಫಿಕೇಟ್ ವಾರ ಅಥವಾ ತಿಂಗಳುಗಟ್ಟಲೆ ಚಾಲ್ತಿಯಲ್ಲಿರುತ್ತದೆ. ವರ್ಷಗಟ್ಟಲೆ ತಪ್ಪಿದ್ದರೆ ಮಾತ್ರ ಒಂದೂ ತೆರೆಯುವುದಿಲ್ಲ, ಎಲ್ಲ ಕಡೆ ಸರ್ಟಿಫಿಕೇಟ್ ಎಚ್ಚರಿಕೆ ಬರುತ್ತದೆ. ಹಾಗಾದರೆ ವಲಯದ ಜಗಳ ಹುಡುಕುತ್ತಾ ಕೂರಬೇಡಿ.

ಸರಿ ಮಾಡುವುದು: ಒಂದೇ ಕಡೆ, ಒಂದೇ ಸಲ

ದಾರಿ ಎರಡಿದೆ. ವಿಂಡೋಸ್‌ಗೆ ಆರ್‌ಟಿಸಿಯಲ್ಲಿ ಯುಟಿಸಿ ಇದೆ ಅಂತ ಹೇಳುವುದು ಒಂದು. ಲಿನಕ್ಸ್‌ಗೆ ಸ್ಥಳೀಯ ಸಮಯ ಇದೆ ಅಂತ ಹೇಳುವುದು ಇನ್ನೊಂದು. ನಾನು ಯಾವಾಗಲೂ ಮೊದಲನೆಯದನ್ನೇ ಹೇಳುತ್ತೇನೆ. ಯುಟಿಸಿ ವರ್ಷವಿಡೀ ಒಂದೇ ಸಮ ಓಡುತ್ತದೆ. ಬೇಸಿಗೆ ಸಮಯ ಇಲ್ಲ, ಊರು ಬದಲಿಸಿದರೂ ಬದಲಾಗುವುದಿಲ್ಲ. ಹಂಚಿಕೊಂಡ ಗಡಿಯಾರದಲ್ಲಿ ಇರಬೇಕಾದ್ದು ಅಂಥದ್ದೇ.

ಮೊದಲು ಲಿನಕ್ಸ್‌ನಿಂದ ಶುರು ಮಾಡಿ. ಇಂಟರ್ನೆಟ್ ಮತ್ತೆ ಹಾಕಿ. ಟೈಮ್‌ಡೇಟ್‌ಸಿಟಿಎಲ್ ಕೊಟ್ಟಾಗ ‘ಸಿಸ್ಟಮ್ ಕ್ಲಾಕ್ ಸಿಂಕ್ರೊನೈಸ್ಡ್: ಯೆಸ್’ ಅಂತ ಬರುವವರೆಗೆ ಕಾಯಿರಿ. ಆಮೇಲೆ ‘ಸುಡೊ ಟೈಮ್‌ಡೇಟ್‌ಸಿಟಿಎಲ್ ಸೆಟ್-ಲೋಕಲ್-ಆರ್‌ಟಿಸಿ 0’ ಕೊಡಿ. ಇದು ಸೆಟ್ಟಿಂಗ್ ಬದಲಿಸುವುದರ ಜೊತೆಗೆ ಸಿಸ್ಟಮ್ ಕ್ಲಾಕ್‌ನ ಟೈಮನ್ನು ಆರ್‌ಟಿಸಿಗೆ ಬರೆಯುತ್ತದೆ. ಅದಕ್ಕೇ ಸಿಂಕ್ ಆಗುವವರೆಗೆ ಕಾಯಿರಿ ಅಂದಿದ್ದು. ತಪ್ಪು ಟೈಮ್ ಇರುವಾಗ ಈ ಕಮಾಂಡ್ ಕೊಟ್ಟರೆ ಆ ತಪ್ಪೇ ಆರ್‌ಟಿಸಿಗೂ ಹೋಗುತ್ತದೆ.

ಈ ಸೆಟ್ಟಿಂಗ್ ಉಳಿಯುವುದು ‘ಇಟಿಸಿ’ ಫೋಲ್ಡರ್‌ನ ‘ಅಡ್ಜ್‌ಟೈಮ್’ ಅನ್ನುವ ಫೈಲ್‌ನಲ್ಲಿ. ಅದರ ಮೂರನೇ ಸಾಲಿನಲ್ಲಿ ಯುಟಿಸಿ ಅಥವಾ ಲೋಕಲ್ ಅಂತ ಇರುತ್ತದೆ. ಎರಡು ಲಿನಕ್ಸ್ ಹಾಕಿಕೊಂಡವರು ಎರಡರಲ್ಲೂ ಈ ಸಾಲು ನೋಡಿ. ಒಂದೊಂದು ಲಿನಕ್ಸ್‌ಗೂ ಅದರದೇ ಫೈಲ್ ಇರುತ್ತದೆ. ವಿಂಡೋಸ್ ಇಲ್ಲದ ಮೆಷೀನಿನಲ್ಲೂ ಎರಡು ಲಿನಕ್ಸ್‌ಗಳು ಇದೇ ರೀತಿ ಕಿತ್ತಾಡಬಹುದು. ಫ್ರೀಬಿಎಸ್‌ಡಿ ಅನ್ನುವ ಇನ್ನೊಂದು ಓಎಸ್‌ನಲ್ಲಿ ಇದಕ್ಕೆ ಬೇರೆ ಪದ್ಧತಿ: ‘ಇಟಿಸಿ’ಯಲ್ಲಿ ‘ವಾಲ್_ಸಿಎಂಓಎಸ್_ಕ್ಲಾಕ್’ ಅನ್ನುವ ಫೈಲ್ ಇದ್ದರೆ ಸ್ಥಳೀಯ ಸಮಯ, ಇಲ್ಲದಿದ್ದರೆ ಯುಟಿಸಿ.

ಈಗ ವಿಂಡೋಸ್. ಅಡ್ಮಿನಿಸ್ಟ್ರೇಟರ್ ಆಗಿ ರಿಜಿಸ್ಟ್ರಿ ಎಡಿಟರ್ ತೆರೆಯಿರಿ. ಎಚ್‌ಕೀ ಲೋಕಲ್ ಮೆಷೀನ್, ಅದರೊಳಗೆ ಸಿಸ್ಟಮ್, ಕರೆಂಟ್ ಕಂಟ್ರೋಲ್ ಸೆಟ್, ಕಂಟ್ರೋಲ್, ಕೊನೆಗೆ ಟೈಮ್ ಝೋನ್ ಇನ್ಫರ್ಮೇಶನ್ ಹೀಗೆ ಒಂದೊಂದಾಗಿ ಒಳಗೆ ಹೋಗಿ. ಬಲಗಡೆ ಖಾಲಿ ಜಾಗದಲ್ಲಿ ರೈಟ್ ಕ್ಲಿಕ್ ಮಾಡಿ 32 ಬಿಟ್‌ನ ಡಿವರ್ಡ್ ವ್ಯಾಲ್ಯೂ ಒಂದನ್ನು ಹೊಸದಾಗಿ ಮಾಡಿ. ಅದಕ್ಕೆ ‘ರಿಯಲ್ ಟೈಮ್ ಈಸ್ ಯೂನಿವರ್ಸಲ್’ ಅಂತ ಹೆಸರಿಡಿ. ನಾಲ್ಕೂ ಪದ ಸೇರಿಸಿ, ನಡುವೆ ಜಾಗ ಬಿಡದೆ ಬರೆಯಬೇಕು. ಅಕ್ಷರ ಒಂದು ತಪ್ಪಿದರೂ ವಿಂಡೋಸ್ ಏನೂ ಹೇಳದೆ ಸುಮ್ನೆ ಇದ್ದುಬಿಡುತ್ತದೆ, ಅದಕ್ಕೇ ಎರಡು ಸಲ ಓದಿ ನೋಡಿ. ವ್ಯಾಲ್ಯೂ 1 ಮಾಡಿ. ಕಂಪ್ಯೂಟರ್ ರೀಸ್ಟಾರ್ಟ್ ಮಾಡಿ.

ರೀಸ್ಟಾರ್ಟ್ ಅಂತ ಹೇಳಿದ್ದಕ್ಕೂ ಕಾರಣ ಇದೆ. ವಿಂಡೋಸ್ 8ರಿಂದ ಫಾಸ್ಟ್ ಸ್ಟಾರ್ಟಪ್ ಅನ್ನುವ ವ್ಯವಸ್ಥೆ ಬಂದಿದೆ. ಅದು ಆನ್ ಇದ್ದರೆ ಶಟ್‌ಡೌನ್ ಒತ್ತಿದಾಗ ಕರ್ನಲ್ ಪೂರ್ತಿ ಮುಚ್ಚುವುದಿಲ್ಲ. ಡಿಸ್ಕ್‌ನಲ್ಲಿ ಹೈಬರ್ನೇಟ್ ಆಗಿ ಮಲಗುತ್ತದೆ. ಮತ್ತೆ ಆನ್ ಮಾಡಿದಾಗ ಹಳೆಯ ಸ್ಥಿತಿಯಲ್ಲೇ ಎದ್ದು ಬರುತ್ತದೆ. ರೀಸ್ಟಾರ್ಟ್ ಕೊಟ್ಟರೆ ಮಾತ್ರ ನಿಜವಾಗಿ ಮುಚ್ಚಿ ತೆರೆಯುತ್ತದೆ. ‘ರಿಜಿಸ್ಟ್ರಿ ಬದಲಿಸಿದರೂ ಏನೂ ಆಗಲಿಲ್ಲ’ ಅನ್ನುವವರು ಮೊದಲು ಇದನ್ನೇ ನೋಡಬೇಕು. ಎರಡು ಓಎಸ್ ಇರುವ ಮೆಷೀನಿನಲ್ಲಿ ಫಾಸ್ಟ್ ಸ್ಟಾರ್ಟಪ್ ಆಫ್ ಮಾಡಿಡುವುದೇ ಒಳ್ಳೆಯದು. ಗಡಿಯಾರದ ಮಾತು ಬಿಡಿ, ಮಲಗಿರುವ ವಿಂಡೋಸ್‌ನ ಡಿಸ್ಕ್ ಭಾಗಕ್ಕೆ ಲಿನಕ್ಸ್‌ನಿಂದ ಬರೆಯಲು ಹೋದರೆ ಫೈಲ್‌ಗಳೇ ಕೆಡಬಹುದು. ಅಡ್ಮಿನಿಸ್ಟ್ರೇಟರ್ ಕಮಾಂಡ್ ಪ್ರಾಂಪ್ಟ್‌ನಲ್ಲಿ ‘ಪವರ್‌ಸಿಎಫ್‌ಜಿ /ಎಚ್ ಆಫ್’ ಕೊಟ್ಟರೆ ಹೈಬರ್ನೇಟ್ ಜೊತೆಗೆ ಇದೂ ನಿಲ್ಲುತ್ತದೆ.

ರೀಸ್ಟಾರ್ಟ್ ಆದ ಮೇಲೆ ಮೊದಲ ಸಲ ಟೈಮ್ ತಪ್ಪೇ ಕಾಣಬಹುದು. ಗಾಬರಿಯಾಗಬೇಡಿ. ಹೊಸ ಸೆಟ್ಟಿಂಗ್ ಓದುವ ಮೊದಲು ವಿಂಡೋಸ್ ಆರ್‌ಟಿಸಿಗೆ ಹಳೆಯ ರೀತಿಯಲ್ಲಿ ಒಂದು ಸಲ ಬರೆದಿರಬಹುದು. ದಿನಾಂಕ ಮತ್ತು ಸಮಯದ ಸೆಟ್ಟಿಂಗ್‌ಗೆ ಹೋಗಿ ‘ಸಿಂಕ್ ನೌ’ ಒಮ್ಮೆ ಒತ್ತಿ. ಅಲ್ಲಿಂದ ಮುಂದೆ ಅದು ಯುಟಿಸಿಯನ್ನೇ ಬರೆಯುತ್ತದೆ.

ರಿಜಿಸ್ಟ್ರಿ ಮುಟ್ಟಲು ನಿಮಗೆ ಅನುಮತಿ ಇಲ್ಲ ಅಂದುಕೊಳ್ಳಿ, ಕಚೇರಿಯವರು ಬಿಗಿ ಮಾಡಿಟ್ಟ ಮೆಷೀನ್‌ನಂಥದ್ದು. ಆಗ ಇನ್ನೊಂದು ದಾರಿ ಹಿಡಿಯಿರಿ. ಲಿನಕ್ಸ್‌ನಲ್ಲಿ ಅದೇ ಕಮಾಂಡ್, ಕೊನೆಯ 0 ಬದಲು 1. ಕೆಲಸ ನಡೆಯುತ್ತದೆ. ಆದರೆ ಟೈಮ್‌ಡೇಟ್‌ಸಿಟಿಎಲ್ ಪ್ರತಿ ಸಲವೂ ಉದ್ದದ ಎಚ್ಚರಿಕೆ ಕೊಡುತ್ತದೆ: ಈ ವಿಧಾನಕ್ಕೆ ಪೂರ್ತಿ ಬೆಂಬಲ ಇಲ್ಲ, ವಲಯ ಬದಲಾದಾಗ ಮತ್ತು ಬೇಸಿಗೆ ಸಮಯ ಬಂದಾಗ ತೊಂದರೆ ಆಗುತ್ತದೆ ಅಂತ. ಆ ಎಚ್ಚರಿಕೆ ಸುಮ್ಮನೆ ಹಾಕಿದ್ದಲ್ಲ. ಬೇಸಿಗೆ ಸಮಯ ಇರುವ ಪ್ರದೇಶದಲ್ಲಿ, ಗಂಟೆ ಬದಲಾದ ರಾತ್ರಿಯ ನಂತರ ವಿಂಡೋಸ್‌ಗಿಂತ ಮೊದಲು ಲಿನಕ್ಸ್‌ಗೆ ಬೂಟ್ ಆದರೆ ಒಂದು ಗಂಟೆ ತಪ್ಪುತ್ತದೆ. ಎರಡು ವಿಂಡೋಸ್ ಇದ್ದರಂತೂ ಒಂದು ವಿಂಡೋಸ್ ಸರಿಸಿದ ಗಂಟೆಯನ್ನು ಇನ್ನೊಂದು ಮತ್ತೆ ಸರಿಸಿಬಿಡಬಹುದು.

ಎರಡೂ ಕಡೆ ಕೈ ಹಾಕಿದರೆ

ಇದನ್ನು ನನ್ನದೇ ಅನುಭವದಿಂದ ಹೇಳುತ್ತೇನೆ. ಒಂದು ರಾತ್ರಿ ಲಿನಕ್ಸ್‌ನಲ್ಲಿ ಪ್ಯಾಕೇಜ್ ಅಪ್‌ಡೇಟ್ ಕೊಟ್ಟೆ. ಪ್ಯಾಕೇಜ್ ನೋಡಿಕೊಳ್ಳುವ ಆಪ್ಟ್ ಅನ್ನುವ ಪ್ರೋಗ್ರಾಮ್ ಒಪ್ಪಲಿಲ್ಲ. ಸರ್ವರ್‌ನ ರಿಲೀಸ್ ಫೈಲ್ (ಪ್ಯಾಕೇಜ್‌ಗಳ ವಿವರ, ತಯಾರಾದ ಟೈಮ್ ಇರುವ ಫೈಲ್) ಇನ್ನೂ ಚಾಲ್ತಿಗೆ ಬಂದಿಲ್ಲ, ಇನ್ನೂ 4 ಗಂಟೆ 51 ನಿಮಿಷ ಇದೆ ಅಂತ ಬಂತು. ಸರ್ವರ್ ಕಡೆಯ ತಪ್ಪು ಅಂದುಕೊಂಡು ಬೇರೆ ಸರ್ವರ್ ಹಾಕಿದೆ. ಅಲ್ಲೂ ಅದೇ. ಅರ್ಧ ಗಂಟೆ ಕಳೆದ ಮೇಲೆ ಮೂಲೆಯ ಗಡಿಯಾರ ಕಣ್ಣಿಗೆ ಬಿತ್ತು.

ಆಗ ಕಾಗದ ತೆಗೆದು ಅಳೆದೆ. ಫೋನ್ 21:40 ಇದ್ದಾಗ ಬಯೋಸ್‌ನಲ್ಲಿ 16:10. ಲಿನಕ್ಸ್‌ನಲ್ಲೂ ಅದೇ ಲೆಕ್ಕ, ಫೋನ್‌ಗಿಂತ ಐದೂವರೆ ಗಂಟೆ ಹಿಂದೆ. ವಿಂಡೋಸ್ ಮಾತ್ರ ಫೋನ್‌ಗೆ ಸರಿಯಾಗಿ ಕೂತಿತ್ತು. ಅಂದರೆ ಆರ್‌ಟಿಸಿಯಲ್ಲಿ ಯುಟಿಸಿ ಇದೆ, ವಿಂಡೋಸ್ ಅದನ್ನು ಸರಿಯಾಗಿ ಓದುತ್ತಿದೆ. ಲಿನಕ್ಸ್ ಬಯೋಸ್‌ನ ಅಂಕಿಯನ್ನೇ ಹಾಗೇ ತೋರಿಸುತ್ತಿದೆ, ಅಂದರೆ ಅದು ಸ್ಥಳೀಯ ಸಮಯ ಅಂತ ನಂಬಿಕೊಂಡಿದೆ.

ಆಮೇಲೆ ನೆನಪಾಯಿತು. ತಿಂಗಳುಗಳ ಹಿಂದೆ ಲಿನಕ್ಸ್‌ಗೆ ‘1’ ಕೊಟ್ಟಿದ್ದೆ. ಅದನ್ನು ಮರೆತು ಆ ವಾರ ವಿಂಡೋಸ್‌ನ ರಿಜಿಸ್ಟ್ರಿಯನ್ನೂ ಬದಲಿಸಿದ್ದೆ. ಎರಡೂ ಪರಿಹಾರ ಒಟ್ಟಿಗೆ ಸೇರಿ ಹಳೆಯ ಜಗಳವೇ ತಿರುಗಿ ನಿಂತಿತ್ತು. ಮೊದಲು ಲಿನಕ್ಸ್ ಮುಂದೆ ಓಡುತ್ತಿತ್ತು, ಈಗ ಹಿಂದೆ. ಯಾವುದೋ ಪರೀಕ್ಷೆಗೆ ಅಂತ ಎನ್‌ಟಿಪಿ ಆಫ್ ಮಾಡಿ ಹಾಗೇ ಬಿಟ್ಟಿದ್ದರಿಂದ ಲಿನಕ್ಸ್ ತನ್ನಷ್ಟಕ್ಕೆ ತಿದ್ದಿಕೊಳ್ಳಲೂ ಆಗಿರಲಿಲ್ಲ. 5:30ರಲ್ಲಿ 4:51 ಕಳೆದರೆ 39 ನಿಮಿಷ. ಆ ಫೈಲ್ ತಯಾರಾಗಿ ಅಷ್ಟೇ ಹೊತ್ತಾಗಿತ್ತು. ಆ ಲೆಕ್ಕ ಕೂತಾಗ ಸಿಕ್ಕ ಸಮಾಧಾನ ಇನ್ನೂ ನೆನಪಿದೆ.

ಹಾಗಾಗಿ ದಿಕ್ಕನ್ನೂ ಬರೆದುಕೊಳ್ಳಿ ಅನ್ನುತ್ತೇನೆ. ಯುಟಿಸಿಗಿಂತ ಮುಂದಿರುವ ವಲಯದಲ್ಲಿ ಲಿನಕ್ಸ್ ಮುಂದೆ ಇದ್ದರೆ ಅಥವಾ ವಿಂಡೋಸ್ ಹಿಂದೆ ಇದ್ದರೆ, ಯಾವ ಕಡೆಯೂ ಪರಿಹಾರ ಆಗಿಲ್ಲ. ಲಿನಕ್ಸ್ ಹಿಂದೆ ಅಥವಾ ವಿಂಡೋಸ್ ಮುಂದೆ ಇದ್ದರೆ ಎರಡೂ ಕಡೆ ಆಗಿಬಿಟ್ಟಿದೆ. ಯುಟಿಸಿಗಿಂತ ಹಿಂದಿರುವ ವಲಯಗಳಲ್ಲಿ ಇದನ್ನು ತಿರುಗಿಸಿ ಓದಿ.

ಬ್ಯಾಟರಿ ಹೋಗಿದ್ದರೆ

ಬ್ಯಾಟರಿ ಸತ್ತರೆ ದಿನಾಂಕವೇ ಎಗರಿ ಹೋಗುತ್ತದೆ. ಜೊತೆಗೆ ಬಯೋಸ್ ಸೆಟ್ಟಿಂಗ್‌ಗಳು ಅಳಿಸಿರಬಹುದು, ಬೂಟ್ ಆಗುವಾಗ ಸಿಎಂಓಎಸ್ ಚೆಕ್‌ಸಮ್ ದೋಷ ಅಂತ ಬರಬಹುದು. ಒಂದು ಮೋಸ ಇಲ್ಲಿದೆ. ಡೆಸ್ಕ್‌ಟಾಪ್‌ನ ಪ್ಲಗ್ ಹಾಕಿಯೇ ಇದ್ದರೆ ಪವರ್ ಸಪ್ಲೈನಿಂದ ಬರುವ ಸ್ಟ್ಯಾಂಡ್‌ಬೈ ಕರೆಂಟ್‌ನಿಂದಲೇ ಆರ್‌ಟಿಸಿ ಓಡುತ್ತಿರುತ್ತದೆ. ಸತ್ತ ಬ್ಯಾಟರಿ ಇದ್ದರೂ ತಿಂಗಳುಗಟ್ಟಲೆ ಗೊತ್ತೇ ಆಗುವುದಿಲ್ಲ. ಕರೆಂಟ್ ಹೋದ ಮಾರನೇ ದಿನ ಮಾತ್ರ ಟೈಮ್ ತಪ್ಪಿರುತ್ತದೆ. ಹಾಗಾಗಿ ಪರೀಕ್ಷೆ ಮಾಡುವುದಾದರೆ ಆಫ್ ಮಾಡಿ, ಗೋಡೆಯಿಂದ ಪ್ಲಗ್ ಕಿತ್ತು, ಒಂದು ರಾತ್ರಿ ಬಿಟ್ಟು, ಬೆಳಗ್ಗೆ ನೇರ ಬಯೋಸ್‌ನಲ್ಲಿ ನೋಡಿ. ಮಲ್ಟಿಮೀಟರ್ ಇದ್ದರೆ ಬ್ಯಾಟರಿ ತೆಗೆದು ಅಳೆಯಿರಿ. ಹೊಸದು 3 ವೋಲ್ಟ್‌ಗಿಂತ ಸ್ವಲ್ಪ ಮೇಲೇ ಇರುತ್ತದೆ. 2.7ರ ಕೆಳಗೆ ಬಂದಿದ್ದರೆ ಬದಲಿಸಿಬಿಡಿ. ಕೆಲವು ಲ್ಯಾಪ್‌ಟಾಪ್‌ಗಳಲ್ಲಿ ಈ ಬ್ಯಾಟರಿಯೇ ಇರುವುದಿಲ್ಲ, ದೊಡ್ಡ ಬ್ಯಾಟರಿಯೇ ಆರ್‌ಟಿಸಿಯನ್ನೂ ನೋಡಿಕೊಳ್ಳುತ್ತದೆ.

ದಿನಾಂಕ ತೀರಾ ತಪ್ಪಿದ್ದರೆ ಎನ್‌ಟಿಪಿ ಕೂಡ ಕೈಬಿಡಬಹುದು. ಕಚೇರಿ ನೆಟ್‌ವರ್ಕ್‌ನ ಡೊಮೇನ್‌ಗೆ ಸೇರದ ವಿಂಡೋಸ್‌ನಲ್ಲಿ ಟೈಮ್ ಸರ್ವೀಸ್ ತಾನಾಗಿ ತಿದ್ದುವ ಮಿತಿ ಮೂಲ ಸೆಟ್ಟಿಂಗ್ ಪ್ರಕಾರ 15 ಗಂಟೆ. ಅದಕ್ಕಿಂತ ಜಾಸ್ತಿ ತಪ್ಪಿದ್ದರೆ ಮುಟ್ಟುವುದಿಲ್ಲ. ಲಿನಕ್ಸ್‌ನಲ್ಲಿ ಟೈಮ್ ಸಿಂಕ್ ಮಾಡುವ ಹಳೆಯ ಪ್ರೋಗ್ರಾಮ್ ಎನ್‌ಟಿಪಿಡಿಯ ಮಿತಿ 1000 ಸೆಕೆಂಡು. ಮೈನಸ್ ಜಿ ಆಯ್ಕೆ ಇಲ್ಲದೆ ಓಡಿಸಿದ್ದರೆ ಅದಕ್ಕಿಂತ ಹೆಚ್ಚು ವ್ಯತ್ಯಾಸ ಕಂಡಾಗ ನಿಂತೇ ಹೋಗುತ್ತದೆ. 5:30 ಅಂದರೆ 19,800 ಸೆಕೆಂಡು. ಇಂಥ ಕಡೆ ಒಮ್ಮೆ ಕೈಯಿಂದ ಹತ್ತಿರದ ಟೈಮ್‌ಗೆ ತಂದು ಬಿಡಬೇಕು, ಆಮೇಲೆ ಅದು ನೋಡಿಕೊಳ್ಳುತ್ತದೆ.

ದಿನಕ್ಕೆ ಒಂದೆರಡು ಸೆಕೆಂಡು ಸರಿದರೆ ಅದು ದೋಷವೇ ಅಲ್ಲ. ಹರಳು ಹತ್ತು ಲಕ್ಷಕ್ಕೆ 20 ಪಾಲು ಆಚೀಚೆ ಇದ್ದರೂ ದಿನಕ್ಕೆ 1.7 ಸೆಕೆಂಡು ಆಗುತ್ತದೆ. ಶಾಖ ಬದಲಾದರೂ ಅದು ಸ್ವಲ್ಪ ಸರಿಯುತ್ತದೆ. ಕಂಪ್ಯೂಟರ್ ಆನ್ ಇದ್ದಾಗಲೇ ಗಂಟೆಗೆ ನಿಮಿಷಗಟ್ಟಲೆ ಸರಿಯುತ್ತಿದ್ದರೆ ಅದು ಬೇರೆ ರೋಗ. ಆಗ ಆರ್‌ಟಿಸಿ ಬಿಟ್ಟು ಕರ್ನಲ್ ಲಾಗ್‌ನಲ್ಲಿ ‘ಕ್ಲಾಕ್‌ಸೋರ್ಸ್’ ಅನ್ನುವ ಪದ ಹುಡುಕಿ.

ದಾರಿ ತಪ್ಪಿಸುವ ಮೂರು ಸಂಗತಿ

ಲಿನಕ್ಸ್ ಹಾಕಿಯೇ ಇಲ್ಲ, ಆದರೂ ವಿಂಡೋಸ್‌ನಲ್ಲಿ ಟೈಮ್ ತಪ್ಪಿತು ಅಂದರೆ, ಇತ್ತೀಚೆಗೆ ಲಿನಕ್ಸ್‌ನ ಲೈವ್ ಪೆನ್‌ಡ್ರೈವ್‌ನಿಂದ (ಇನ್‌ಸ್ಟಾಲ್ ಮಾಡದೆ ನೇರ ಓಡುವಂಥದ್ದು) ಬೂಟ್ ಮಾಡಿದ್ದಿರಾ ನೆನಪಿಸಿಕೊಳ್ಳಿ. ಡಿಸ್ಕ್ ಮುಟ್ಟದಿದ್ದರೂ ಅದು ಇಂಟರ್ನೆಟ್‌ಗೆ ಸೇರಿ, ಆ 11 ನಿಮಿಷದ ಬರಹದಿಂದ ಆರ್‌ಟಿಸಿಯನ್ನು ಯುಟಿಸಿಗೆ ಬದಲಿಸಿರುತ್ತದೆ. ವಿಂಡೋಸ್‌ನಲ್ಲಿ ಒಮ್ಮೆ ಸಿಂಕ್ ಮಾಡಿದರೆ ಸಾಕು, ರಿಜಿಸ್ಟ್ರಿ ಬೇಡ.

ವರ್ಚುವಲ್ ಮೆಷೀನ್ (ಸಾಫ್ಟ್‌ವೇರ್‌ನಿಂದ ಮಾಡಿದ ಕಂಪ್ಯೂಟರ್) ಒಳಗಿನ ಓಎಸ್‌ಗೆ ತನ್ನದೇ ನಕಲಿ ಆರ್‌ಟಿಸಿ ಇರುತ್ತದೆ. ವರ್ಚುವಲ್‌ಬಾಕ್ಸ್‌ನಲ್ಲಿ ‘ಹಾರ್ಡ್‌ವೇರ್ ಕ್ಲಾಕ್ ಇನ್ ಯುಟಿಸಿ ಟೈಮ್’ ಅನ್ನುವ ಆಯ್ಕೆ ಆ ಮೆಷೀನಿನ ಸಿಸ್ಟಮ್ ಸೆಟ್ಟಿಂಗ್‌ನಲ್ಲೇ ಸಿಗುತ್ತದೆ. ಅಲ್ಲಿನ ದೋಷಕ್ಕೆ ಮದರ್‌ಬೋರ್ಡ್ ಬಿಚ್ಚಬೇಡಿ.

ಫ್ಯಾಟ್32 ಪೆನ್‌ಡ್ರೈವ್‌ನಲ್ಲಿ ಫೈಲ್‌ನ ಟೈಮ್ ಒಂದು ಓಎಸ್‌ನಲ್ಲಿ ಒಂದು, ಇನ್ನೊಂದರಲ್ಲಿ ಇನ್ನೊಂದು ಕಂಡರೆ ಅದೂ ಗಡಿಯಾರದ ತಪ್ಪಾಗಿರಬೇಕಿಲ್ಲ. ಆ ಫೈಲ್ ಸಿಸ್ಟಮ್ ಸ್ಥಳೀಯ ಸಮಯವನ್ನು ವಲಯದ ಗುರುತಿಲ್ಲದೆ ಬರೆದಿಡುತ್ತದೆ. ವಿಂಡೋಸ್ ಡಿಸ್ಕ್‌ಗಳ ಎನ್‌ಟಿಎಫ್‌ಎಸ್ ಫೈಲ್ ಸಿಸ್ಟಮ್‌ನಲ್ಲಿ ಯುಟಿಸಿ ಇರುವುದರಿಂದ ಈ ಗೊಂದಲ ಇಲ್ಲ.

ಸರಿಯಾಯಿತಾ ಅಂತ ನೋಡುವುದು

ಇಂಟರ್ನೆಟ್ ಮತ್ತೆ ತೆಗೆಯಿರಿ. ಲಿನಕ್ಸ್‌ಗೆ ಬೂಟ್ ಮಾಡಿ ಟೈಮ್ ಬರೆಯಿರಿ. ಪೂರ್ತಿ ಆಫ್ ಮಾಡಿ, ವಿಂಡೋಸ್‌ಗೆ ಹೋಗಿ ಬರೆಯಿರಿ. ಮತ್ತೆ ಆಫ್, ಮತ್ತೆ ಲಿನಕ್ಸ್. ಮೂರೂ ಸಲ ಫೋನ್‌ಗಿಂತ ಕೆಲವೇ ಸೆಕೆಂಡು ವ್ಯತ್ಯಾಸ ಇರಬೇಕು. ಬಯೋಸ್‌ನಲ್ಲಿ ಯುಟಿಸಿ ಕಾಣುತ್ತದೆ, ಅಂದರೆ ನಿಮ್ಮ ಫೋನ್‌ನ ಟೈಮ್ ಅಲ್ಲಿರುವುದಿಲ್ಲ. ಅದನ್ನು ನೋಡಿ ತಪ್ಪು ಅಂದುಕೊಂಡು ಕೈಯಿಂದ ತಿದ್ದಬೇಡಿ. ಮನೆಯಲ್ಲಿ ಬೇರೆಯವರೂ ಆ ಮೆಷೀನ್ ಬಳಸುತ್ತಿದ್ದರೆ ಇದನ್ನು ಅವರಿಗೂ ಹೇಳಿಡಿ. ಕೊನೆಗೆ ಇಂಟರ್ನೆಟ್ ಹಾಕಿ, ಎರಡೂ ಓಎಸ್‌ನಲ್ಲಿ ಆಟೊಮ್ಯಾಟಿಕ್ ಟೈಮ್ ಆನ್ ಇದೆಯಾ ಅಂತ ನೋಡಿಕೊಳ್ಳಿ.